ಬಾತ್‌ರೂಮ್ ಆಸಿಡ್ಡು, ಕ್ಲೀನರ್ರು, ನಿಂಬೆ ಉಪ್ಪು: ಬಾಟಲಿ ನೋಡಿ ಕೊಟ್ಟ ಮಾರ್ಕ್ಸು

ತುಮಕೂರಿನ ಬೋರ್‌ವೆಲ್ ನೀರು ಬಳಸಿದವರಿಗೆ ನಾನೇನೂ ವಿವರಿಸಬೇಕಾಗಿಲ್ಲ. ಕಮೋಡ್ ಒಳಗೆ ನೀರು ನಿಲ್ಲುವ ಕಡೆ ಹಳದಿ ಗೆರೆ, ನಲ್ಲಿಯ ಬುಡದಲ್ಲಿ ಬಿಳಿ ಪೊರೆ, ಬಕೆಟ್ಟಿನ ಅಂಚಿಗೆ ಸುಣ್ಣದ ಪಟ್ಟಿ. ಸೊಸೆ ಹೊಸ ಬಾಡಿಗೆ ಮನೆಗೆ ಹೋದವಳು ಅಲ್ಲಿನ ಬಾತ್‌ರೂಮ್ ನೋಡಿ, "ಅತ್ತೆ, ನೀವು ಕೆಮಿಸ್ಟ್ರಿ ಓದಿದವರಲ್ವಾ, ಯಾವ ಕ್ಲೀನರ್ ತರಲಿ ಹೇಳಿ" ಎಂದು ಫೋನ್ ಮಾಡಿದಳು. ಸಿಕ್ಕಿದ್ದನ್ನೆಲ್ಲ ತರಿಸಿ, ಪಕ್ಕಪಕ್ಕ ಇಟ್ಟು ನೋಡಿದೆ.

ಮೊದಲೇ ಹೇಳಿಬಿಡುತ್ತೇನೆ: ನಾನು ರಿಟೈರ್ ಆದದ್ದು ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದಿಂದ. ಪೊಲೀಸರ ಬಾಯಲ್ಲಿ ಎಫ್‌ಎಸ್‌ಎಲ್. ನನ್ನದು ವಿಷ ಪರೀಕ್ಷೆಯ ವಿಭಾಗ. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ತೆಗೆದಿಟ್ಟ ಹೊಟ್ಟೆ, ಕರುಳು, ಲಿವರ್, ಕಿಡ್ನಿ, ರಕ್ತ ಇವೆಲ್ಲ ಜಾಡಿಗಳಲ್ಲಿ ಅರಗಿನ ಸೀಲು ಹಾಕಿಸಿಕೊಂಡು ನಮ್ಮ ಮೇಜಿಗೆ ಬರುತ್ತಿದ್ದವು. ಅದಕ್ಕೆ ವಿಸೆರಾ ಅನ್ನುತ್ತಾರೆ. ಜೊತೆಗೆ ಘಟನೆ ನಡೆದ ಮನೆಯಲ್ಲಿ ಮಹಜರು ಮಾಡಿ ಜಪ್ತಿ ಮಾಡಿದ ಬಾಟಲಿಯೂ ಬರುತ್ತಿತ್ತು, ಮುದ್ದೆಮಾಲು ಅಂತ ಚೀಟಿ ಅಂಟಿಸಿಕೊಂಡು. ಹಾಗಾಗಿ ನಾನು ಟಾಯ್ಲೆಟ್ ಕ್ಲೀನರಿಗೆ ಮಾರ್ಕ್ಸ್ ಕೊಡುವುದು ಕಲೆ ಎಷ್ಟು ಬೇಗ ಹೋಯಿತು ಅಂತ ನೋಡಿ ಅಲ್ಲ. ಬಾಟಲಿ ನೋಡಿ. ಮುಚ್ಚಳ ನೋಡಿ. ಲೇಬಲ್ ನೋಡಿ. ಕಲೆಯ ವಿಷಯವೂ ಹೇಳುತ್ತೇನೆ, ಗಾಬರಿ ಬೇಡ.

ಮೊಪೆಡ್‌ನವನ ಆಸಿಡ್

ಬೆಳಗ್ಗೆ ಹಾಲಿನವನು ಹೋದ ಮೇಲೆ ಬರುತ್ತಾನೆ. ಹಿಂದೆ ಒಂದು ಕ್ರೇಟು, ಮುಂದೆ ಎರಡು ಕ್ಯಾನು, "ಆಸಿಡ್, ಫಿನಾಯಿಲ್!" ಎಂದು ಒಂದೇ ರಾಗ. ಕುಡಿಯುವ ನೀರಿನ ಹಳೇ ಬಾಟಲಿಗೆ ಕ್ಯಾನಿಂದ ಬಗ್ಗಿಸಿ ಕೊಡುತ್ತಾನೆ. ಮಿನರಲ್ ವಾಟರ್ ಕಂಪನಿಯ ಲೇಬಲ್ ಇನ್ನೂ ಅದರ ಮೇಲೇ ಇದೆ, ಬೆಟ್ಟದ ಚಿತ್ರದ ಸಮೇತ. ಒಳಗಿರುವುದು ತಿಳಿ ಹಳದಿ ನೀರಿನಂಥದ್ದು. ಆ ಹಳದಿ ಬರುವುದು ಅದರಲ್ಲಿ ಸೇರಿರುವ ಕಬ್ಬಿಣದಿಂದ. ಶುದ್ಧವಾದ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಬಣ್ಣ ಇರುವುದಿಲ್ಲ.

ಏನು ಅಂತ ಖಾತ್ರಿ ಮಾಡಿಕೊಳ್ಳಲು ಲ್ಯಾಬಿನ ಹಳೇ ಉಪಾಯವನ್ನೇ ಬಳಸಿದೆ. ಗಾಜಿನ ಕಡ್ಡಿಯನ್ನು ಅಮೋನಿಯಾದಲ್ಲಿ ಅದ್ದಿ ಬಾಟಲಿಯ ಬಾಯಿಯ ಹತ್ತಿರ ಹಿಡಿದರೆ ಸಾಕು, ದಟ್ಟವಾದ ಬಿಳಿ ಹೊಗೆ ಏಳುತ್ತದೆ. ಎರಡು ಅನಿಲ ಗಾಳಿಯಲ್ಲೇ ಕೂಡಿ ನವಸಾಗರದ ಪುಡಿ ಆಗುವುದು ಅದು. (ಇದನ್ನು ಮನೆಯಲ್ಲಿ ಮಾಡಬೇಡಿ. ನಾನು ಹಿತ್ತಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಂತು ಮಾಡಿದೆ. ಯಜಮಾನರು ಕಿಟಕಿಯಿಂದ ಬೈದರು.)

ಕಲೆಗೆ? ಹೋಗುತ್ತದೆ. ಹಾಕಿದ ತಕ್ಷಣ ಬುರುಗು ಬಂದು ಸುಣ್ಣ ಕರಗುತ್ತದೆ. ಅದರ ಜೊತೆಗೆ ಟೈಲ್ಸ್ ನಡುವಿನ ಸಿಮೆಂಟೂ ಕರಗುತ್ತದೆ, ನಲ್ಲಿಯ ಹೊಳಪೂ ಹೋಗುತ್ತದೆ, ಬಾಗಿಲಿನ ಚಿಲಕ ವಾರದೊಳಗೆ ತುಕ್ಕು ಹಿಡಿಯುತ್ತದೆ. ಮೂಗಿಗೆ ಬಡಿಯುವ ಘಾಟು ಬೇರೆ.

ಅದೆಲ್ಲ ಸಣ್ಣ ವಿಷಯ. ನನ್ನ ತಕರಾರು ಆ ನೀರಿನ ಬಾಟಲಿಯ ಬಗ್ಗೆ. ಪೊಲೀಸರ ಯುಡಿಆರ್ ಫೈಲುಗಳಲ್ಲಿ, ಅಂದರೆ ಅಸ್ವಾಭಾವಿಕ ಸಾವಿನ ವರದಿಗಳಲ್ಲಿ, ಒಂದು ವಾಕ್ಯ ನನಗೆ ಬಾಯಿಪಾಠ ಆಗಿಹೋಗಿತ್ತು: "ನೀರೆಂದು ತಿಳಿದು ಕುಡಿದಿದ್ದು". ಕತ್ತಲಲ್ಲಿ ಎದ್ದವರು, ಕುಡಿದು ಬಂದವರು, ಆಟ ಆಡಿ ಓಡಿ ಬಂದ ಮಕ್ಕಳು. ಬಾಯಾರಿದವರ ಕೈ ನೀರಿನ ಬಾಟಲಿಗೆ ಹೋಗುವುದು ಸಹಜ ಅಲ್ವಾ? ಅದರೊಳಗೆ ಬೇರೆ ಏನೋ ಇದೆ ಎಂದು ಹೇಳಲು ಅಲ್ಲಿ ಏನೂ ಇಲ್ಲ.

ಇನ್ನೊಂದು ತೊಂದರೆ ಸಾವಿನ ನಂತರ ಶುರುವಾಗುತ್ತದೆ. ಇದು ಹೊರಗಿನವರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ವಿಸೆರಾ ಕೆಡದಂತೆ ಇಡಲು ಸಾಮಾನ್ಯವಾಗಿ ಬಳಸುವುದು ಉಪ್ಪುನೀರು. ಇನ್ನು ಕರಗುವುದಿಲ್ಲ ಎನ್ನುವಷ್ಟು ಅಡಿಗೆ ಉಪ್ಪು ಹಾಕಿದ ನೀರು. ಅಗ್ಗ, ಎಲ್ಲ ಆಸ್ಪತ್ರೆಯಲ್ಲೂ ಸಿಗುತ್ತದೆ. ಆದರೆ ಆಸಿಡ್ ಕುಡಿದ ಕೇಸಿಗೆ ಅದು ಆಗುವುದಿಲ್ಲ, ರೆಕ್ಟಿಫೈಡ್ ಸ್ಪಿರಿಟ್ ಹಾಕಬೇಕು. ಬಾತ್‌ರೂಮ್ ಆಸಿಡ್ ಕೇಸಿನಲ್ಲಿ ಕಾರಣ ಸರಳ. ನಾವು ಹುಡುಕುವುದು ಕ್ಲೋರೈಡ್. ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿದರೆ ಮೊಸರಿನಂಥ ಬಿಳಿ ಗಸಿ ಬರುತ್ತದೆ, ಅದಕ್ಕೆ ಅಮೋನಿಯಾ ಹಾಕಿದರೆ ಕರಗುತ್ತದೆ. ಆದರೆ ಅಡಿಗೆ ಉಪ್ಪು ಅಂದರೇ ಸೋಡಿಯಂ ಕ್ಲೋರೈಡ್! ಜಾಡಿಗೆ ಉಪ್ಪು ತುಂಬಿ ಕಳಿಸಿ, ಇದರಲ್ಲಿ ಕ್ಲೋರೈಡ್ ಇದೆಯೇ ಎಂದು ಕೇಳಿದರೆ ನಾವು ಏನು ಹೇಳಬೇಕು? ಹಾಗೆ ಬಂದ ಪಾರ್ಸೆಲ್‌ಗಳನ್ನು ನೋಡಿ ನಾನು ಕೂಗಾಡಿದ್ದೂ ಉಂಟು. ಪಾಪ, ಪಾರ್ಸೆಲ್ ತಂದ ಪೊಲೀಸ್ ಪೇದೆ ಏನು ಮಾಡಿಯಾನು, ರಾತ್ರಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದಿರುತ್ತಿದ್ದ.

ಸಾಲದ್ದಕ್ಕೆ ಎಲ್ಲರ ಹೊಟ್ಟೆಯಲ್ಲೂ ಅದೇ ಹೈಡ್ರೋಕ್ಲೋರಿಕ್ ಆಸಿಡ್ ಇದ್ದೇ ಇರುತ್ತದೆ, ಊಟ ಅರಗಿಸಲು. ಆದ್ದರಿಂದ "ಇದೆ" ಅಂದರೆ ಸಾಲದು. ಎಷ್ಟಿದೆ, ಹೊಟ್ಟೆಯ ಗೋಡೆಗೆ ಏನಾಗಿದೆ, ಎಲ್ಲ ಕೂಡಿಸಿ ನೋಡಬೇಕು.

ಈಗ ಫಿನಾಯಿಲ್ ವಿಷಯಕ್ಕೆ ಬನ್ನಿ. ಅದೇ ಮೊಪೆಡ್‌ನವನ ಅದೇ ಕ್ರೇಟಿನಲ್ಲಿ ಕರೀ ಫಿನಾಯಿಲ್ ಕೂಡ ಇದೆ. ಅದು ಡಾಂಬರಿನಿಂದ ಬಂದ ಕಾರ್ಬಾಲಿಕ್ ಆಸಿಡ್ ಬಳಗದ್ದು. ಕಾರ್ಬಾಲಿಕ್ ಕೇಸಿಗೆ ಸ್ಪಿರಿಟ್ ಹಾಕುವಂತಿಲ್ಲ, ಅಲ್ಲಿ ಉಪ್ಪುನೀರೇ ಸರಿ. ನೋಡಿ, ಒಬ್ಬನೇ ಮಾರಿದ ಎರಡು ಬಾಟಲಿ, ಎರಡಕ್ಕೂ ಬೇರೆ ಬೇರೆ ಜಾಡಿ. ಯಾವುದನ್ನು ಕುಡಿದದ್ದು ಅಂತ ಪೋಸ್ಟ್‌ಮಾರ್ಟಂ ಮೇಜಿನ ಹತ್ತಿರ ನಿಂತ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು. ಕಾರ್ಬಾಲಿಕ್ ಆದರೆ ವಾಸನೆ ಹೇಳಿಬಿಡುತ್ತದೆ. ಉಳಿದಂತೆ ಹೇಳಬೇಕಾದದ್ದು ಬಾಟಲಿಯೇ. ಅದರ ಮೇಲೆ ಬೆಟ್ಟದ ಚಿತ್ರ ಇದ್ದರೆ?

ಡಾಕ್ಟರು ದೇಹ ನೋಡಿಯೂ ಒಂದಷ್ಟು ಹೇಳುತ್ತಾರೆ. ಹೈಡ್ರೋಕ್ಲೋರಿಕ್ ಆದರೆ ಬಾಯಿಯ ಒಳಪೊರೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಸಲ್ಫ್ಯೂರಿಕ್, ಅಂದರೆ ಬ್ಯಾಟರಿಯದ್ದು, ಆದರೆ ಕಪ್ಪು. ನೈಟ್ರಿಕ್ ಆದರೆ ಹಳದಿ. ಬೆಂಗಳೂರಿನ ನಗರ್ತಪೇಟೆಯಲ್ಲಿ ಚಿನ್ನದ ಕೆಲಸ ಮಾಡುವವರನ್ನು ಕೇಳಿ, ನೈಟ್ರಿಕ್ ತಗುಲಿದ ಬೆರಳು ಎಷ್ಟು ಉಜ್ಜಿದರೂ ಹಳದಿಯೇ. ಚರ್ಮದ ಪ್ರೋಟೀನಿನ ಜೊತೆ ಅದು ಹಾಗೆ ಕೂಡುತ್ತದೆ. ತುಟಿಯ ಕೊನೆಯಿಂದ ಇಳಿದ ಸುಟ್ಟ ಗೆರೆಯನ್ನಂತೂ ಬಿಡುವಂತಿಲ್ಲ. ಗದ್ದ ದಾಟಿ ಎದೆಗೆ ಇಳಿದಿದ್ದರೆ ಆಗ ಕೂತಿದ್ದರು ಅಥವಾ ನಿಂತಿದ್ದರು. ಕೆನ್ನೆ ಮೇಲೆ ಕಿವಿಯ ಕಡೆಗೆ ಹರಿದಿದ್ದರೆ ಮಲಗಿದ್ದರು. ಮಲಗಿದ್ದವರು ತಾವೇ ಕುಡಿದರೋ, ಯಾರಾದರೂ ಬಾಯಿಗೆ ಸುರಿದರೋ ಎಂಬ ಪ್ರಶ್ನೆ ಆಗ ಏಳುತ್ತದೆ. ತುಟಿಯ ಒಳಗೆ, ಮಣಿಕಟ್ಟಿನಲ್ಲಿ ಗಾಯ ಇದೆಯಾ ಎಂದು ಹುಡುಕುತ್ತಾರೆ. ಬಟ್ಟೆಯನ್ನೂ ನಮಗೆ ಕಳಿಸಬೇಕು. ಹೊಟ್ಟೆಯೊಳಗಿನ ಆಸಿಡ್ ವಾಂತಿ, ಚಿಕಿತ್ಸೆ, ದೇಹದ ರಸ ಎಲ್ಲ ಸೇರಿ ಕಾಣೆಯಾದರೂ ಬಟ್ಟೆಯಲ್ಲಿ ಇಂಗಿದ್ದು ಉಳಿದಿರುವ ಸಾಧ್ಯತೆ ಇದೆ. ಎಷ್ಟೋ ಮನೆಯವರು ಆ ಬಟ್ಟೆಯನ್ನು ಮೊದಲು ಒಗೆದು ಹಾಕಿರುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ.

ಇನ್ನೂ ಕಷ್ಟ ಅಂದರೆ ತಡವಾಗಿ ಬರುವ ಸಾವು. ಆಸಿಡ್ ಕುಡಿದವರು ಕೆಲವೊಮ್ಮೆ ಆ ವಾರ ಬದುಕುತ್ತಾರೆ, ಮನೆಗೂ ಬರುತ್ತಾರೆ. ಆಮೇಲೆ ಅನ್ನನಾಳದಲ್ಲಿ ಅಥವಾ ಹೊಟ್ಟೆಯ ಕೊನೆಯಲ್ಲಿ ಸುಟ್ಟ ಗಾಯ ಮಾಯುತ್ತಾ ಗಟ್ಟಿಯಾಗಿ ದಾರಿ ಕಿರಿದಾಗುತ್ತದೆ. ಗಂಜಿಯೂ ಇಳಿಯುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಸೊರಗಿ ಸಾಯುತ್ತಾರೆ. ಆಗ ವಿಸೆರಾದಲ್ಲಿ ನಮಗೆ ಏನೂ ಸಿಗುವುದಿಲ್ಲ, ಸಿಗಲು ಅಲ್ಲಿ ಏನೂ ಉಳಿದಿರುವುದಿಲ್ಲ. "ವಿಷ ಪತ್ತೆಯಾಗಿಲ್ಲ" ಎಂದು ನಾವು ಬರೆದರೆ, ಆಸಿಡ್ಡಿನಿಂದ ಸತ್ತಿಲ್ಲ ಎಂದು ಅರ್ಥ ಅಲ್ಲ. ಆಸ್ಪತ್ರೆಯ ಕೇಸ್ ಶೀಟು, ಎಂಡೋಸ್ಕೋಪಿ ವರದಿ, ಮನೆಯಲ್ಲಿ ಜಪ್ತಿಯಾದ ಬಾಟಲಿ, ಇವೇ ಸಾಕ್ಷಿ. ಎಂಡೋಸ್ಕೋಪಿಯಲ್ಲಿ ಗಾಯ ಎಷ್ಟು ಆಳ ಅಂತ ಗ್ರೇಡ್ ಬರೆಯುತ್ತಾರಲ್ಲ, ಜರ್ಗಾರ್ ಗ್ರೇಡ್ ಅಂತ, ಅದು ನಮ್ಮ ಚಂಡೀಗಢದ ಪಿಜಿಐ ಆಸ್ಪತ್ರೆಯ ಡಾಕ್ಟರುಗಳು 1991ರಲ್ಲಿ ಪ್ರಕಟಿಸಿದ ಲೆಕ್ಕ. ಈಗ ಬೇರೆ ದೇಶಗಳಲ್ಲೂ ಅದನ್ನೇ ಬಳಸುತ್ತಾರೆ.

ಕಾನೂನು ಇಲ್ಲ ಅಂತಲ್ಲ. ಆಸಿಡ್ ದಾಳಿಗೆ ತುತ್ತಾದ ಹೆಣ್ಣುಮಗಳೊಬ್ಬಳು ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಹೇಳಿತ್ತು: ಆಸಿಡ್ ಮಾರುವವರು ರಿಜಿಸ್ಟರ್ ಇಡಬೇಕು, ಕೊಳ್ಳುವವರ ಫೋಟೋ ಇರುವ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕು ಅಂತ ಬರೆದುಕೊಳ್ಳಬೇಕು, 18 ವರ್ಷದೊಳಗಿನವರಿಗೆ ಕೊಡಕೂಡದು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ನಮ್ಮ ಮೊಪೆಡ್‌ನವನ ಹತ್ತಿರ ಇದ್ದದ್ದು ಬಾಕಿ ಬರೆಯುವ ಪುಟ್ಟ ನೋಟ್‌ಬುಕ್ಕು ಮಾತ್ರ.

ಮಾರ್ಕ್ಸ್: ಹತ್ತಕ್ಕೆ ಸೊನ್ನೆ. ಕಲೆಗೆ ಕೊಡಬೇಕಾದ ಮಾರ್ಕ್ಸನ್ನೂ ನಾನು ಕೊಡುವುದಿಲ್ಲ.

ಅಂಗಡಿಯ ಲೋಕಲ್ ಬಾಟಲಿ

ಮೂಲೆ ಅಂಗಡಿಯಲ್ಲಿ ಸಿಗುವ, ಊರಿನ ಹತ್ತಿರವೇ ಎಲ್ಲೋ ತುಂಬಿಸಿದ ನೀಲಿ ಬಾಟಲಿ. ಹೆಸರು ಹೇಳುವುದಿಲ್ಲ. ಲೇಬಲ್ ಇದೆ, ಅದೇ ಸಮಾಧಾನ. ಒದ್ದೆ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಉಜ್ಜಿದೆ, ಶಾಯಿ ಕೈಗೆ ಬಂತು. ಒಳಗಿನ ದ್ರವವನ್ನು ಒಂದು ಹನಿ ಲೇಬಲ್ ಮೇಲೆ ಬಿಟ್ಟೆ, "ಎಚ್ಚರಿಕೆ" ಎಂಬ ಅರ್ಥದ ಇಂಗ್ಲಿಷ್ ಪದವೇ ಅಳಿಸಿ ಹೋಯಿತು. ಬಾತ್‌ರೂಮಿನಲ್ಲಿ ಇಡುವ ವಸ್ತುವಿನ ಲೇಬಲ್ಲು ನೀರಿಗೆ ಹೆದರಿದರೆ ಹೇಗೆ?

ಕನ್ನಡ ಒಂದಕ್ಷರ ಇಲ್ಲ. ನಿಯಮದ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು, ಉಳಿದ ಭಾಷೆ ಬೇಕಾದರೆ ಸೇರಿಸಬಹುದು. ಬಾತ್‌ರೂಮ್ ತೊಳೆಯಲು ಬರುವ ನಮ್ಮ ಗಂಗಮ್ಮನಂಥವರು ಏನು ಓದಬೇಕು? ಮುಚ್ಚಳ ಸಾದಾ ತಿರುಗಿಸುವ ಮುಚ್ಚಳ. ಹತ್ತಕ್ಕೆ ಮೂರು. ಅದೂ ಬಾಟಲಿ ನೀರಿನ ಬಾಟಲಿಯಂತೆ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಒತ್ತಿ ತಿರುಗಿಸುವ ಮುಚ್ಚಳದ್ದು

ಹಾರ್ಪಿಕ್ ತರಹದ್ದು. ಕತ್ತು ಬಾತುಕೋಳಿಯಂತೆ ಬಗ್ಗಿರುತ್ತದೆ. ಇದರಲ್ಲೂ ಇರುವುದು ಹೈಡ್ರೋಕ್ಲೋರಿಕ್ ಆಸಿಡ್ಡೇ, ಆದರೆ ನೀರು ಬೆರೆಸಿ, ಗಟ್ಟಿ ಮಾಡಿ, ಬಣ್ಣ ಹಾಕಿದ್ದು. ಗಟ್ಟಿ ಇರುವುದರಿಂದ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ, ಸಿಡಿಯುವುದು ಕಡಿಮೆ. "ಕಂಪನಿದು ಸಾಫ್ಟು, ಏನೂ ಆಗಲ್ಲ" ಎಂದು ನಂಬಿದವರು ಇದ್ದಾರೆ. ಸುಮ್ನೆ ಮಾತು. ಬಾಯಿಗೆ ಹೋದರೆ ಇದೂ ಸುಡುತ್ತದೆ.

ನನಗೆ ಇಷ್ಟವಾದದ್ದು ಮುಚ್ಚಳ. ಎರಡೂ ಪಕ್ಕದಲ್ಲಿ ಗೀರು ಇರುವ ಕಡೆ ಒತ್ತಿ ಹಿಡಿದೇ ತಿರುಗಿಸಬೇಕು. ಒತ್ತದೆ ತಿರುಗಿಸಿದರೆ ಬಿಚ್ಚುವುದಿಲ್ಲ. ಖಾಲಿಯಾದ ಬಾಟಲಿಯನ್ನು ಚೆನ್ನಾಗಿ ತೊಳೆದು ನೀರು ತುಂಬಿ ನಾಲ್ಕು ವರ್ಷದ ಮೊಮ್ಮಗನ ಕೈಗೆ ಕೊಟ್ಟೆ. ತಿರುಗಿಸಿದ, ಕಚ್ಚಿದ, ನೆಲಕ್ಕೆ ಕುಟ್ಟಿದ. ಕೊನೆಗೆ ಅದನ್ನೇ ಕಾರು ಮಾಡಿಕೊಂಡು ಓಡಿಸಿದ. ಯಜಮಾನರಿಗೆ ಸಂಧಿವಾತ. ಅವರು ಗೊಣಗಿಕೊಂಡೇ ಬಿಚ್ಚಿದರು. ಇಂಥ ಮುಚ್ಚಳಕ್ಕೆ ಇರಬೇಕಾದ ಗುಣ ಇದೇ. ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯೂ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳಿಗೆ ಐದು ನಿಮಿಷ ಕೊಡುತ್ತಾರೆ, ನೂರಕ್ಕೆ 85 ಮಕ್ಕಳಿಗಾದರೂ ಬಿಚ್ಚಲು ಆಗಬಾರದು. ಆಮೇಲೆ ಹೇಗೆ ಬಿಚ್ಚುವುದು ಎಂದು ತೋರಿಸಿಯೇ ಇನ್ನೊಂದು ಐದು ನಿಮಿಷ ಕೊಡುತ್ತಾರೆ. ಆಗಲೂ 80 ಮಕ್ಕಳು ಸೋಲಬೇಕು. ವಯಸ್ಸಾದವರು ಮಾತ್ರ ಬಿಚ್ಚಲೇಬೇಕು.

ಇಂಥ ಮುಚ್ಚಳಗಳ ಹಿಂದೆ ಕೆನಡಾದ ವಿಂಡ್ಸರ್ ಊರಿನ ಮಕ್ಕಳ ಡಾಕ್ಟರ್ ಹೆನ್ರಿ ಬ್ರೋ ಎಂಬವರ ಹಟ ಇದೆ. ಮಾತ್ರೆ ನುಂಗಿದ ಮಕ್ಕಳನ್ನು ನೋಡಿ ನೋಡಿ ಬೇಸತ್ತು, ಅಂಗೈಯಲ್ಲಿ ಒತ್ತಿ ತಿರುಗಿಸುವ ಮುಚ್ಚಳವನ್ನು 1967ರಲ್ಲಿ ಬಳಕೆಗೆ ತಂದರು. ನಮ್ಮ ದೇಶದಲ್ಲಿ ಇವತ್ತಿಗೂ ಇಂಥ ಮುಚ್ಚಳ ಸಿಕ್ಕರೆ ಪುಣ್ಯ ಎನ್ನುವ ಸ್ಥಿತಿ.

ದೂರು ಒಂದಿದೆ. ಮುಚ್ಚಳ ಪೂರ್ತಿ ತಿರುಗಿಸಿ 'ಟಕ್' ಎನಿಸದಿದ್ದರೆ ಬೀಗ ಬೀಳುವುದಿಲ್ಲ. ಅರ್ಜೆಂಟಿನಲ್ಲಿ ಸುಮ್ಮನೆ ಕೂರಿಸಿ ಇಟ್ಟರೆ ಅದು ಸಾದಾ ಮುಚ್ಚಳವೇ. ಮತ್ತೆ, ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಜೊತೆ ಇದನ್ನು ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಹತ್ತಕ್ಕೆ ಎಂಟು.

ಪೈಪ್ ಕಟ್ಟಿದರೆ ಹಾಕುವ ಪುಡಿ

ಸೊಸೆಯ ಮನೆಯಲ್ಲಿ ಸಿಂಕೂ ಕಟ್ಟಿತ್ತು, ಅದಕ್ಕೆ ಇದನ್ನೂ ತರಿಸಿದೆ. ಕಾಸ್ಟಿಕ್ ಸೋಡಾ ಇರುವ ಬಿಳಿ ಹರಳಿನ ಪುಡಿ, ಹರಿದು ಸುರಿಯುವ ಸ್ಯಾಷೆಯಲ್ಲಿ. ಇದು ಆಸಿಡ್ ಅಲ್ಲ, ಕ್ಷಾರ. ಕ್ಷಾರ ಅಂದರೆ ಸೌಮ್ಯ ಎಂದುಕೊಳ್ಳಬೇಡಿ. ಆಸಿಡ್ ತಗುಲಿದ ಕಡೆ ಮಾಂಸ ಹೆಪ್ಪುಗಟ್ಟಿ ಒಂದು ಪದರ ಆಗುತ್ತದೆ, ಆ ಪದರ ಸ್ವಲ್ಪ ಮಟ್ಟಿಗೆ ಮುಂದಿನದನ್ನು ತಡೆಯುತ್ತದೆ. ಕ್ಷಾರ ಕೊಬ್ಬನ್ನು ಸಾಬೂನು ಮಾಡಿಕೊಂಡು ಒಳಗೊಳಗೇ ಇಳಿಯುತ್ತದೆ. ಪೋಸ್ಟ್‌ಮಾರ್ಟಂನಲ್ಲಿ ಮುಟ್ಟಿದರೆ ಜಾರುತ್ತದೆ. ಅನ್ನನಾಳಕ್ಕೆ ಇದರಿಂದಲೇ ಪೆಟ್ಟು ಜಾಸ್ತಿ.

ನೂರು ವರ್ಷದ ಹಿಂದೆ ಅಮೆರಿಕದ ಅಡಿಗೆಮನೆಗಳಲ್ಲಿ ಇದೇ ಕಾಸ್ಟಿಕ್ ಯಾವ ಎಚ್ಚರಿಕೆಯೂ ಇಲ್ಲದ ಡಬ್ಬಿಯಲ್ಲಿ ಇರುತ್ತಿತ್ತು. ಮಕ್ಕಳು ಸಕ್ಕರೆ ಎಂದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಗಂಟಲಿನ ಡಾಕ್ಟರ್ ಶೆವಲಿಯರ್ ಜಾಕ್ಸನ್ ಇಂಥ ಮಕ್ಕಳ ಕಿರಿದಾದ ಅನ್ನನಾಳ ಹಿಗ್ಗಿಸಿ ಹಿಗ್ಗಿಸಿ ಸಾಕಾಗಿ, ಲೇಬಲ್ ಹಾಕಿಸಿ ಎಂದು ವರ್ಷಗಟ್ಟಲೆ ಸರ್ಕಾರದ ಬೆನ್ನು ಹತ್ತಿದರು. 1927ರಲ್ಲಿ ಕಾನೂನು ಬಂತು, ಡಬ್ಬಿಯ ಮೇಲೆ 'ವಿಷ' ಎಂದು ಬರೆಯುವುದು ಕಡ್ಡಾಯವಾಯಿತು. ರೋಗಿಗಳ ಗಂಟಲಿನಿಂದ ಅವರು ತೆಗೆದ ಪಿನ್ನು, ಗುಂಡಿ, ನಾಣ್ಯ ಎರಡು ಸಾವಿರಕ್ಕೂ ಜಾಸ್ತಿ ಇವೆ, ಫಿಲಡೆಲ್ಫಿಯಾದ ಮಟರ್ ಮ್ಯೂಸಿಯಂನಲ್ಲಿ ಜೋಡಿಸಿಟ್ಟಿದ್ದಾರೆ.

ನಾನು ತಂದ ಸ್ಯಾಷೆಯ ಮೇಲೆ ಎಚ್ಚರಿಕೆ ಇದೆ. ಅಕ್ಷರ ಓದಲು ಭೂತಗನ್ನಡಿ ಬೇಕಾಯಿತು. ಒಮ್ಮೆ ಹರಿದರೆ ಮುಚ್ಚಿಡುವ ದಾರಿ ಇಲ್ಲ, ಉಳಿದದ್ದನ್ನು ಜನ ಯಾವುದೋ ಡಬ್ಬಿಗೆ ಸುರಿಯುತ್ತಾರೆ. ಸಿಂಕೇನೋ ಬಿಟ್ಟುಕೊಂಡಿತು. ಹತ್ತಕ್ಕೆ ಎರಡು.

ನಿಂಬೆ ಉಪ್ಪು

ದಿನಸಿ ಅಂಗಡಿಯಲ್ಲೇ ಸಿಗುತ್ತದೆ, ಸಿಟ್ರಿಕ್ ಆಸಿಡ್. ಬಿಸಿನೀರಿಗೆ ಹಾಕಿ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ರಾತ್ರಿ ಬಿಟ್ಟರೆ ಬೆಳಗ್ಗೆ ಬಿಳಿ ಪೊರೆ ಉಜ್ಜಿದಾಗ ಬರುತ್ತದೆ. ಕಮೋಡಿನ ಹೊಸ ಕಲೆಗೂ ಆಗುತ್ತದೆ. ಹಿಂದಿನ ಬಾಡಿಗೆದಾರರು ವರ್ಷಗಟ್ಟಲೆ ಬೆಳೆಸಿದ ಹಳದಿ ಪದರಕ್ಕೆ ಆಗಲಿಲ್ಲ, ನಿಜ ಹೇಳಬೇಕಲ್ಲ. ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಮಾರ್ಬಲ್ ನೆಲಕ್ಕೆ ಹಾಕಿದರೆ ಹೊಳಪು ಹೋಗುತ್ತದೆ. ಆದರೂ ಮನೆಯಲ್ಲಿ ಮಗು ಇರುವವರಿಗೆ ವಾರದ ಕೆಲಸಕ್ಕೆ ನಾನು ಹೇಳುವುದು ಇದನ್ನೇ. ಹತ್ತಕ್ಕೆ ಎಂಟೂವರೆ.

ಯಾವುದು ತಂದರೂ ಬೀಗ ಹಾಕುವ ಕಪಾಟಿನಲ್ಲಿ ಇಡಿ. ಮಕ್ಕಳಿಗಾಗಿ ಮಾತ್ರ ಅಲ್ಲ. ಒಂದು ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಕುಡಿದವರ ಫೈಲುಗಳೂ ನನ್ನ ಮೇಜಿಗೆ ಬಂದಿವೆ. ಮನೆಯಲ್ಲಿ ಯಾರಾದರೂ ತುಂಬ ಕುಗ್ಗಿದ್ದರೆ ಈ ಬಾಟಲಿಗಳು ಮನೆಯಲ್ಲೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಮಾತಾಡಲು ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಬಾಯಿಗೆ ಹೋಗಿಬಿಟ್ಟರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟದ್ದು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ಉಪ್ಪುನೀರು, ಸೋಡಾ, ನಿಂಬೆರಸ ಕುಡಿಸಿ "ಸರಿಮಾಡಲು" ಹೋಗಬೇಡಿ. ಬಾಯಿ ಮುಕ್ಕಳಿಸಿ ಉಗುಳಿಸಿ, ಮೈಗೆ ಕಣ್ಣಿಗೆ ಬಿದ್ದಿದ್ದರೆ ಧಾರಾಳ ನೀರಿನಲ್ಲಿ ತೊಳೆಯಿರಿ, 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117, ಹಗಲೂ ರಾತ್ರಿ ಇರುತ್ತದೆ. ಬಾಟಲಿಯನ್ನು ಮುಚ್ಚಳ ಬಿಗಿದು ಆಸ್ಪತ್ರೆಗೆ ಜೊತೆಯಲ್ಲೇ ತೆಗೆದುಕೊಂಡು ಹೋಗಿ. ಯಾರೂ ಹೇಳದಿದ್ದರೂ ಇದನ್ನು ಮಾಡಿ.

ಸೊಸೆ ಕೊನೆಗೆ ತಂದದ್ದು ಒತ್ತುವ ಮುಚ್ಚಳದ ಬಾಟಲಿ ಒಂದು, ನಿಂಬೆ ಉಪ್ಪು ಕಾಲು ಕೆ.ಜಿ. ಹಳೇ ಪದರಕ್ಕೆ ಮೂರು ಸಲ ಹಾಕಿ ಉಜ್ಜಬೇಕಾಯಿತು, ಈಗ ಪರವಾಗಿಲ್ಲ. ಮೊಪೆಡ್‌ನವನಿಗೆ, "ಕ್ಯಾನಿನ ಆಸಿಡ್ಡನ್ನ ನೀರಿನ ಬಾಟ್ಲಿಗೆ ಹಾಕಬೇಡಪ್ಪ" ಎಂದೆ. "ಅಮ್ಮಾ, ಬೇರೆ ಬಾಟ್ಲಿಗೆ ಐದ್ ರೂಪಾಯಿ ಜಾಸ್ತಿ ಆಗ್ತದೆ, ಯಾರ್ ಕೊಡ್ತಾರೆ?" ಎಂದ. ನಮ್ಮ ಬೀದಿಯಲ್ಲಿ ಅವನಿಂದ ಫಿನಾಯಿಲ್ ಕೊಳ್ಳುವವರು ಇನ್ನೂ ಇದ್ದಾರೆ, ಆಸಿಡ್ ಕೊಳ್ಳುವುದನ್ನು ಎರಡು ಮನೆಯವರು ಬಿಟ್ಟಿದ್ದಾರೆ.